ಮೈಲಾರಪ್ಪನ ಗಾಡಿಯ ಮೊದಲ ಸರ್ವಿಸ್

ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿನ ಮೇಲೆ ಹರಪನಹಳ್ಳಿಗೆ ಹೋಗುವ ಬಸ್ಸಿನಲ್ಲಿ ನಾನು ಯಾವಾಗಲೂ ಎಡಗಡೆಯ ಸೀಟನ್ನೇ ಹಿಡಿಯುತ್ತೇನೆ. ಬೆಳಗಿನ ಬಸ್ಸಾದರೆ ಆ ಕಡೆ ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಬಲಗಡೆ ನೆರಳಿನ ಸೀಟು ಖಾಲಿ ಇದ್ದರೂ ಅತ್ತ ಹೋಗುವುದಿಲ್ಲ. ನನ್ನ ಹೆಂಡತಿಗೆ ಇದರ ಕಾರಣ ಚೆನ್ನಾಗಿ ಗೊತ್ತು. ಆದರೂ ಪ್ರತಿಸಲ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತ, ಏನೂ ಗೊತ್ತಿಲ್ಲದವಳ ಹಾಗೆ ಕೇಳುತ್ತಾಳೆ.

"ಆ ಕಡಿ ನೆಳ್ಳೈತಿ. ಅಲ್ಲಿ ಕುಂದ್ರೂಣೇನ್ರಿ?"

"ಇಲ್ಲಿ ಗಾಳಿ ಚಲೋ ಬರ್ತೈತಿ," ಎನ್ನುತ್ತೇನೆ ನಾನು.

ಹರಪನಹಳ್ಳಿ ಇನ್ನೇನು ಬಂತು ಎನ್ನುವಾಗ ರಸ್ತೆಯ ಬಲಕ್ಕೆ ಒಂದು ಮೋಟರ್‌ಸೈಕಲ್ ಶೋರೂಮಿದೆ. ಅದರ ಹೆಸರು ಇಲ್ಲಿ ಬೇಡ. ಗಾಜಿನ ಗೋಡೆ, ಗಾಳಿಗೆ ಪಟಪಟ ಎನ್ನುವ ಬಣ್ಣದ ಬಾವುಟಗಳ ಸಾಲು, ಒಳಗೆ ಕನ್ನಡಿಗಳನ್ನು ಒಂದೇ ಕಡೆ ತಿರುಗಿಸಿ ನಿಲ್ಲಿಸಿದ ಹೊಸ ಗಾಡಿಗಳು. ಆ ಗಾಜಿನ ಹಿಂದೆ ಕೌಂಟರಿನಲ್ಲಿ ಕೂತವರಿಗೆ ಓಡುವ ಬಸ್ಸಿನ ಕಿಟಕಿಯಲ್ಲಿರುವ ನನ್ನ ಮುಖ ಕಾಣುವುದು ಸಾಧ್ಯವೇ ಇಲ್ಲ ಎಂದು ನನಗೂ ಗೊತ್ತು. ಸಮಾಜ ವಿಜ್ಞಾನದ ಮೇಷ್ಟ್ರು ನಾನು. ದೂರ, ದಿಕ್ಕು, ಅಳತೆಗಳನ್ನು ಮಕ್ಕಳಿಗೆ ಹೇಳಿಕೊಟ್ಟೇ ಸಂಬಳ ತಿಂದವನು. ಆದರೂ ಆ ಜಾಗ ಹತ್ತಿರ ಬಂದಾಗ ನನ್ನ ಕುತ್ತಿಗೆ ತಾನಾಗಿಯೇ ಎಡಗಡೆಯ ಹೊಲಗಳತ್ತ ತಿರುಗುತ್ತದೆ.

ಯಾಕೆ ಎಂದು ಹೇಳುವ ಮೊದಲು, ನನಗಿರುವ ಒಂದು ಹಳೆಯ ಕಾಯಿಲೆಯ ಬಗ್ಗೆ ಹೇಳಬೇಕು. "ನನಗೆ ಗೊತ್ತಿಲ್ಲ" ಎಂಬ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಇದು ಮೇಷ್ಟ್ರಾದ ಮೇಲೆ ಬಂದದ್ದಲ್ಲ. ಬಹಳ ಮೊದಲೇ, ನಾನು ತಂಬ್ರಹಳ್ಳಿಯಲ್ಲಿ ನಾಲ್ಕನೆಯ ಕ್ಲಾಸಿನಲ್ಲಿದ್ದಾಗಲೇ ಅಂಟಿಕೊಂಡದ್ದು.

ಆಗ ನಮ್ಮ ಓಣಿಗೆ ಬರುತ್ತಿದ್ದ ಕಾಗದಗಳನ್ನೆಲ್ಲ ಓದುವವನು ನಾನು. ಔಷಧದ ಬಾಟಲಿಯ ಚೀಟಿ, ಸೊಸೈಟಿಯ ನೋಟೀಸು, ದೂರದಲ್ಲಿರುವ ಮಕ್ಕಳ ಪತ್ರ, ಎಲ್ಲವೂ ನನ್ನ ಕೈಗೇ ಬರುತ್ತಿದ್ದವು. ಓದಿ ಮುಗಿಸಿದರೆ ಅಂಗೈ ತುಂಬ ಹುರಿದ ಶೇಂಗಾ, ಒಂದು ಚೂರು ಬೆಲ್ಲ. ನನ್ನ ಚಡ್ಡಿಯ ಜೇಬು ಸದಾ ಅಂಟಂಟಾಗಿ, ಇರುವೆ ಹತ್ತಿ, ಅವ್ವನಿಂದ ಬೈಗುಳ ತಿನ್ನಿಸುತ್ತಿತ್ತು. ಒಮ್ಮೆ ಸಿದ್ದವ್ವ ಎಂಬ ಮುದುಕಿ, ಹೊಸಪೇಟೆಯಲ್ಲಿ ಕೆಲಸಕ್ಕಿದ್ದ ಮಗನ ಪತ್ರ ತಂದಳು. ಅವನ ಅಕ್ಷರ ಕೋಳಿ ಕೆದರಿದ ಹಾಗಿತ್ತು. ಮೊದಲ ಎರಡು ಸಾಲು ಹೇಗೋ ಓದಿದೆ. ಆಮೇಲಿನದು ಒಂದೂ ತಿಳಿಯಲಿಲ್ಲ. ಮುದುಕಿ ನನ್ನ ಬಾಯನ್ನೇ ನೋಡುತ್ತಿದ್ದಳು. ಶೇಂಗಾ ಅವಳ ಸೆರಗಿನ ಗಂಟಿನಲ್ಲಿತ್ತು. "ನಾನು ಆರಾಮ ಅದೀನಿ, ನೀನು ಕಾಳಜಿ ಮಾಡಬ್ಯಾಡ, ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದು ಕಣ್ಣು ಕಾಗದದ ಮೇಲಿಟ್ಟೇ ಕಟ್ಟಿ ಹೇಳಿದೆ. ಮುದುಕಿಯ ಕಣ್ಣಲ್ಲಿ ನೀರು ಬಂತು. ಶೇಂಗಾ ಎರಡು ಹಿಡಿ ಸಿಕ್ಕಿತು. ಆದರೆ ಆ ಮಗ ಬರೆದಿದ್ದದ್ದು, ಸೋಮವಾರ ಬರುತ್ತೇನೆ ಎಂದು. ಅವನು ಬಂದಾಗ ಮನೆಗೆ ಬೀಗ. ಸಿದ್ದವ್ವ ಮೈಲಾರದ ದೇವರಿಗೆ ಹೋಗಿದ್ದಳು. ಅವನು ಒಂದು ದಿನ ಕಾದು ಹಾಗೇ ವಾಪಸಾದ. ಮುದುಕಿ ಬಂದು ನನ್ನನ್ನು ಬೈಯುತ್ತಾಳೆಂದು ನಾನು ಹಿತ್ತಲಲ್ಲಿ ಅಡಗಿದ್ದೆ. ಅವಳು ಬೈದದ್ದು ಮಗನನ್ನು. "ಹುಡುಗ ಸರಿಯಾಗೇ ಓದಿದ್ದ, ಇವನೇ ಬರಿಯಾಕ ಮರ್ತಾನ" ಎಂದಳಂತೆ. ಅವತ್ತೇ ಯಾರಾದರೂ ನನ್ನ ಕಿವಿ ಹಿಂಡಿದ್ದರೆ ಮುಂದಿನದು ಆಗುತ್ತಿರಲಿಲ್ಲವೇನೋ.

ಮೈಲಾರಪ್ಪ ನನ್ನ ಜೊತೆ ಅದೇ ನಾಲ್ಕನೆಯ ಕ್ಲಾಸಿನಲ್ಲಿದ್ದವನು. ಆ ವರ್ಷವೇ ಅವನು ಶಾಲೆ ಬಿಟ್ಟು ಅಪ್ಪನ ಕುರಿಗಳ ಹಿಂದೆ ಹೋದ. ಇವತ್ತಿಗೂ ಕುರಿಯೇ ಅವನ ಬದುಕು. ಸುಗ್ಗಿ ಮುಗಿದ ಹೊಲಗಳಲ್ಲಿ ಮಂದೆ ತರುಬಿ ನಿಲ್ಲಿಸಿಕೊಂಡು, ಇವತ್ತು ತಂಬ್ರಹಳ್ಳಿ ಕಡೆ, ಇನ್ನೊಂದು ವಾರಕ್ಕೆ ಕೊಟ್ಟೂರು ಕಡೆ, ಹೀಗೆ ತಿರುಗುತ್ತಾನೆ. ನಾಲ್ಕು ವರ್ಷ ಒಂದೇ ಹಲಗೆಯ ಮೇಲೆ ಕೂತು ಒಬ್ಬರನ್ನೊಬ್ಬರು ಚಿವುಟಿದವರು ನಾವು. ಆದರೂ ನಾನು ನೌಕರಿಗೆ ಸೇರಿದ ದಿನದಿಂದ ಅವನು ನನ್ನನ್ನು "ಮೇಷ್ಟ್ರೇ" ಎಂದೇ ಕರೆಯುತ್ತಾನೆ. ಬೇಡವೋ ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಕೇಳಲು ಹಿತವಾಗಿತ್ತು.

ಮೂರು ವರ್ಷದ ಹಿಂದೆ ಅವನು ಹಗರಿಬೊಮ್ಮನಹಳ್ಳಿಯ ನಮ್ಮ ಮನೆಗೆ ಬಂದು, ಕಟ್ಟೆಯ ಮೇಲೆ ಕೂತು ಹೇಳಿದ.

"ಒಂದು ಗಾಡಿ ತಗಳ್ಳಾಕ ಮನಸ್ಸು ಮಾಡೀನ್ರಿ ಮೇಷ್ಟ್ರೇ. ಮರಿ ಹಾಕಿದ ಕುರಿ ನಡಿಯಂಗಿಲ್ಲ, ಮರೀನ ಬಸ್ಸಿನ್ಯಾಗ ಹತ್ತಿಸಿಕಳ್ಳಂಗಿಲ್ಲ. ಮಾಳವ್ವ ಹಿಟ್ಟು ಹೊತ್ಕೊಂಡು ಎಷ್ಟಂತ ನಡೀತಾಳ? ನೀವು ಜೊತಿಗೆ ಬರ್ಬೇಕು. ಅಲ್ಲಿ ಎಲ್ಲ ಇಂಗ್ಲೀಷಿನ್ಯಾಗ ಇರ್ತೈತಂತ."

ಮಾಳವ್ವ ಎಂದರೆ ಅವನ ಹೆಂಡತಿ. ನಮ್ಮೂರಲ್ಲೇ ಗಾಡಿ ಸಿಗುತ್ತಿತ್ತು. ಆದರೆ ನಾನು ಎಲ್ಲ ಬಲ್ಲವನ ಗತ್ತಿನಲ್ಲಿ, "ಹರಪನಹಳ್ಳಿ ದೊಡ್ಡೂರು. ಅಲ್ಲಿ ರೇಟು ಕಡಿಮಿ ಬೀಳ್ತೈತಿ," ಎಂದೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ.

ಶೋರೂಮಿನಲ್ಲಿ ಮೈಲಾರಪ್ಪ ಗಾಡಿ ಆರಿಸಿದ ರೀತಿಯನ್ನು ನೀವು ನೋಡಬೇಕಿತ್ತು. ಮಾರುವವರು ಮೈಲೇಜು, ಪಿಕಪ್ಪು ಎಂದು ಹೇಳುತ್ತಲೇ ಇದ್ದರು. ಅವನು ಗಾಡಿಯ ಮೇಲೆ ಕೂತು, ಟ್ಯಾಂಕಿನ ಉದ್ದಗಲವನ್ನು ಗೇಣಿನಿಂದ ಅಳೆದು, "ಇದರ ಮ್ಯಾಲೆ ಚೀಲದಾಗ ಎಲ್ಡು ಮರಿ ಕುಂದರ್ತಾವೇನ್ರಿ?" ಎಂದು ಕೇಳಿದ. ಮೂರನೆಯ ಗಾಡಿ ಅವನ ಗೇಣಿಗೆ ಒಪ್ಪಿತು.

ಆಗಲೇ ಕೌಂಟರಿನ ಹೆಣ್ಣುಮಗಳು ಎದ್ದು ಬಂದು ನನಗೆ ಕೈ ಮುಗಿದಳು.

"ಸರ್, ನಾನ್ರಿ, ಸುಜಾತಾ. ನಿಮ್ಮ ಕೈಯಾಗ ಹತ್ತನೇ ಕ್ಲಾಸು ಓದಿದಾಕಿ. ಈ ಊರಿಗೆ ಕೊಟ್ಟಾರ ನನ್ನ."

ನನಗೆ ನೆನಪಿರಲಿಲ್ಲ. "ನೆನಪೈತಿ, ನೆನಪೈತಿ. ನಕಾಶೆ ಬಾಳ ಚಂದ ಬರಿತಿದ್ದಿ," ಎಂದೆ.

"ಇಲ್ರಿ ಸರ್, ನಕಾಶೆ ಬರ್ತಿರಲಿಲ್ಲ. ಅದಕ್ಕ ನೀವು ಹೊರಗ ನಿಲ್ಲಿಸ್ತಿದ್ರಿ," ಎಂದು ನಕ್ಕಳು. ಆಮೇಲೆ ಒಳಗಿದ್ದವರಿಗೆಲ್ಲ, "ಇವರು ನಮ್ಮ ಸರ್" ಎಂದು ಪರಿಚಯ ಮಾಡಿಸಿದಳು. ಚಹಾ ಬಂತು. ಕುರ್ಚಿ ಬಂತು. ಯಾರೋ ಫ್ಯಾನಿನ ಮುಖವನ್ನು ನನ್ನ ಕಡೆ ತಿರುಗಿಸಿದರು. ಇಷ್ಟು ಸಾಕಾಯಿತು ನನಗೆ.

ಸುಜಾತಾ ಲೆಕ್ಕದ ಹಾಳೆ ತಂದಿಟ್ಟಳು. ಗಾಡಿಯ ಬೆಲೆ, ಇನ್ಸೂರೆನ್ಸು, ರಿಜಿಸ್ಟ್ರೇಷನ್ನು. ಅಲ್ಲಿಯವರೆಗೆ ಸರಿ. ಅದರ ಕೆಳಗೆ ಹ್ಯಾಂಡ್ಲಿಂಗ್ ಚಾರ್ಜು, ಕಿಟ್ಟು, ಕೋಟಿಂಗು ಎಂದು ಇನ್ನೂ ಮೂರು ಸಾಲು. ಮೈಲಾರಪ್ಪ ಹಾಳೆಯ ಮೇಲೆ ಬೆರಳಿಟ್ಟು ನನ್ನನ್ನು ಕೇಳಿದ.

"ಈ ಹ್ಯಾಂಡ್ಲಿಂಗ್ ಅಂದ್ರ ಏನ್ರಿ ಮೇಷ್ಟ್ರೇ? ಹ್ಯಾಂಡಲ್ಲಿಗೆ ಬ್ಯಾರೆ ರೊಕ್ಕೇನು?"

ನನಗೂ ಗೊತ್ತಿರಲಿಲ್ಲ. "ಅಲ್ಲೋ, ಗಾಡಿ ಕಂಪನಿಯಿಂದ ಇಲ್ಲಿಗೆ ಬರ್ಬೇಕಲ್ಲ, ಇಳಿಸಿಕೊಂಡು ಒರೆಸಿ ಇಡಬೇಕಲ್ಲ, ಅದಕ್ಕ. ಎಲ್ಲಾ ಕಡಿನೂ ಇರ್ತೈತಿ," ಎಂದೆ.

ಅವನು ಬೆರಳು ತೆಗೆಯಲಿಲ್ಲ. "ನಾವು ಸಂತ್ಯಾಗ ಕುರಿ ಮಾರಿದ್ರ, ಕುರಿ ಹಿಡಿದು ಕೊಟ್ಟಿದ್ದಕ್ಕ ಬ್ಯಾರೆ ರೊಕ್ಕ ಕೇಳಂಗಿಲ್ರಿ," ಎಂದ.

ಎಷ್ಟು ಸರಿಯಾದ ಮಾತು. ನಾನು ಅದನ್ನೇ ಹಿಡಿದು ಕೇಳಬೇಕಿತ್ತು. ಆ ಮೂರು ಸಾಲುಗಳಲ್ಲಿ ಯಾವುದು ಬೇಕೇ ಬೇಕು, ಯಾವುದನ್ನು ಬಿಡಬಹುದು ಎಂದು ಕೇಳುವುದಕ್ಕೇ ಅಲ್ಲವೇ ಅವನು ನನ್ನನ್ನು ಕರೆದುಕೊಂಡು ಬಂದದ್ದು? ಆದರೆ ಕೈಯಲ್ಲಿ ಚಹಾದ ಕಪ್ಪಿತ್ತು, ಎದುರಿಗೆ ಶಿಷ್ಯೆ ಇದ್ದಳು. ಚೌಕಾಸಿ ಮಾಡಿದರೆ ಸರ್ ಸಣ್ಣವರಾಗುತ್ತಾರೆ. ನಾನು ಸುಜಾತಾಳ ಕಡೆ ನೋಡಿ, ಹಳ್ಳಿಯವರು ಹೀಗೇ ಎಂಬಂತೆ ನಕ್ಕುಬಿಟ್ಟೆ. ಮೈಲಾರಪ್ಪ ಆ ನಗುವನ್ನು ನೋಡಿದ. ಹಾಳೆಯ ಮೇಲಿಂದ ಬೆರಳು ತೆಗೆದ.

ಗಾಡಿ ಒಪ್ಪಿಸುವಾಗ ಸುಜಾತಾ ಕೀಲಿಕೈ ಕೊಟ್ಟು, ಕೆಂಪು ರಟ್ಟಿನ ಒಂದು ಸಣ್ಣ ಪುಸ್ತಕವನ್ನು ಅವನ ಕಡೆ ಚಾಚಿದಳು. "ಅಣ್ಣ, ಇದು ಸರ್ವಿಸ್ ಬುಕ್. ಮೊದಲನೇ ಸರ್ವಿಸ್ ಯಾವಾಗ ಮಾಡಿಸ್ಬೇಕು ಅಂತ ಇದ್ರಾಗೈತಿ, ತಪ್ಪಿಸಬ್ಯಾಡ್ರಿ," ಎಂದಳು.

ನಾನು ನಡುವೆ ಕೈ ಚಾಚಿದೆ. "ನನ್ನ ಕೈಯಾಗ ಕೊಡವ್ವ. ನಾನು ಓದಿ ತಿಳಿಸಿ ಹೇಳ್ತೀನಿ."

ಅವಳು ರಿಜಿಸ್ಟರನ್ನು ನನ್ನ ಮುಂದೆ ಹಿಡಿದಳು. ಪುಸ್ತಕ ತಲುಪಿದೆ ಎಂಬಲ್ಲಿ, ಮಕ್ಕಳ ಅಂಕಪಟ್ಟಿಗೆ ಹಾಕುವ ಹಾಗೆ ಬಾಲ ಎಳೆದು ಸಹಿ ಹಾಕಿದೆ. ಗಾಡಿಯ ಬಿಲ್ಲಿನ ಜೊತೆ ಪುಸ್ತಕವನ್ನು ನನ್ನ ಹೆಗಲ ಚೀಲದ ಒಳಗಿನ ಅರೆಗೆ ಸೇರಿಸಿದೆ. ಅಲ್ಲಿಗೆ ಅದನ್ನು ಮರೆತೆ.

ಸುಮಾರು ಒಂದು ತಿಂಗಳಾದ ಮೇಲೆ ಮೈಲಾರಪ್ಪ ಫೋನು ಮಾಡಿದ. "ಮೇಷ್ಟ್ರೇ, ಸರ್ವಿಸ್ ಯಾವಾಗ ಮಾಡಿಸ್ಬೇಕಂತ ಬರದಾರ್ರಿ?"

ನಾನು ಪೇಪರು ತಿದ್ದುತ್ತ ಕೂತಿದ್ದೆ. "ಮೂರು ತಿಂಗಳಿಗೋ. ಅಲ್ಲಿತನ ಆರಾಮ ಓಡಿಸು," ಎಂದೆ. ಮೂರು ತಿಂಗಳು ಎಂಬುದು ಎಲ್ಲಿಂದ ಬಂತೋ ನನಗೆ ಇವತ್ತಿಗೂ ತಿಳಿಯದು. ಹೇಳಿದ ದನಿಯಲ್ಲಿ ಮಾತ್ರ ಸಂಶಯವಿರಲಿಲ್ಲ. ಇಪ್ಪತ್ತು ದಿನ ಬಿಟ್ಟು ಮತ್ತೆ ಕೇಳಿದ. ಮತ್ತೆ ಅದನ್ನೇ ಹೇಳಿದೆ.

ಮೂರನೆಯ ತಿಂಗಳಲ್ಲಿ ಗಾಡಿ ಕಟಕಟ ಎನ್ನತೊಡಗಿತು. ಎಂಜಿನ್ನಿನ ಕೆಳಗೆ ಎಣ್ಣೆ ಜಿನುಗಿತು. ಒಂದು ಶನಿವಾರ ನಮ್ಮ ಶಾಲೆ ಬಿಡುವ ಹೊತ್ತಿಗೆ ಅವನು ಗೇಟಿನ ಮುಂದೆ ಗಾಡಿ ನಿಲ್ಲಿಸಿಕೊಂಡಿದ್ದ. ನಾನು ಚೀಲ ಹೆಗಲಿಗೇರಿಸಿ ಹಿಂದೆ ಕೂತೆ. ಕೊಟ್ಟೂರು ದಾಟಿ ಹರಪನಹಳ್ಳಿ ಮುಟ್ಟುವವರೆಗೆ ಆ ಗಾಡಿಯ ಸದ್ದಿನಲ್ಲಿ ನಮಗೆ ಒಂದು ಮಾತೂ ಆಡಲು ಆಗಲಿಲ್ಲ.

ಅವತ್ತು ಸರ್ವಿಸ್ ಕೌಂಟರಿನವರು ರಜೆ. ಅಲ್ಲಿಯೂ ಸುಜಾತಾಳೇ ಕೂತಿದ್ದಳು. ಸುತ್ತ ಏಳೆಂಟು ಜನ, ಎಲ್ಲರೂ ಹೊಸ ಗಾಡಿಯವರು, ಎಲ್ಲರಿಗೂ ಒಂದೊಂದು ದೂರು. ಒಬ್ಬನಿಗೆ ನಂಬರ್ ಪ್ಲೇಟು ಬಂದಿಲ್ಲ. ಒಬ್ಬನಿಗೆ ಬೆಳಿಗ್ಗೆ ಬಿಟ್ಟ ಗಾಡಿ ತೊಳೆದೂ ಇಲ್ಲ. ಇನ್ನೊಬ್ಬ, "ಫ್ರೀ ಸರ್ವಿಸ್ ಅಂತೀರಿ, ಆಯಿಲ್ಲಿಗೆ ಯಾಕ್ರಿ ರೊಕ್ಕ?" ಎಂದು ಬಿಲ್ಲು ಹಿಡಿದು ನಿಂತಿದ್ದ.

ಸುಜಾತಾ ಗಾಡಿಯ ಮೀಟರು ನೋಡಿ ಬಂದಳು. "ಅಣ್ಣ, ಸರ್ವಿಸ್ ಬುಕ್ ಕೊಡ್ರಿ," ಎಂದಳು.

ಮೈಲಾರಪ್ಪ ನನ್ನ ಮುಖ ನೋಡಿದ.

"ಯಾವ ಬುಕ್ಕು? ನೀವು ಬುಕ್ಕ ಕೊಟ್ಟಿಲ್ಲ," ಎಂದೆ. ಆ ಕ್ಷಣದಲ್ಲಿ ನಾನು ಅದನ್ನು ನಿಜವೆಂದೇ ನಂಬಿದ್ದೆ. ಇದೊಂದನ್ನು ನನ್ನ ಪರವಾಗಿ ಹೇಳಿಕೊಳ್ಳಬಹುದು.

"ಕೊಟ್ಟೀವ್ರಿ ಸರ್. ಗಾಡಿ ಜೊತಿಗೇ ಕೊಟ್ಟಿರ್ತೀವಿ. ಮತ್ತ, ಇದು ದಿನಾನೂ ದಾಟೈತಿ, ಕಿಲೋಮೀಟರೂ ದಾಟೈತಿ. ಫ್ರೀ ಸರ್ವಿಸ್ ಹೋತು. ಮೊದಲನೇ ಸರ್ವಿಸ್ ಮಾಡಿಸಿಲ್ಲಂದ್ರ ಎಣ್ಣಿ ಸೋರೋದು ವಾರಂಟಿಗೂ ಬರಂಗಿಲ್ಲ," ಎಂದಳು.

ಮೂರು ತಿಂಗಳು ಎಂದು ಹೇಳಿದವನು ನಾನು. ಮೈಲಾರಪ್ಪ ಪಕ್ಕದಲ್ಲೇ ನಿಂತಿದ್ದಾನೆ. ನನ್ನ ದನಿ ಏರಿತು. ಇಪ್ಪತ್ತೆರಡು ವರ್ಷ ಅರವತ್ತು ಮಕ್ಕಳ ಕ್ಲಾಸನ್ನು ಸುಮ್ಮನಾಗಿಸಿದ ದನಿ ಅದು. ಹಿಂದಿನ ಶೆಡ್ಡಿನಲ್ಲಿ ಸ್ಪ್ಯಾನರು ಹಿಡಿದವರೂ ತಿರುಗಿ ನೋಡಿದರು.

"ಓದಾಕ ಬರದ ಮಂದಿ ಸಿಕ್ರ ಹಿಂಗ ಮಾಡೋದೇನು? ಮಾರುವಾಗ ಚಾ ಕುಡಿಸ್ತೀರಿ, ಆಮ್ಯಾಲೆ ಬುಕ್ಕಿಲ್ಲ ಅಂತೀರಿ. ಅದೇನು ಹ್ಯಾಂಡ್ಲಿಂಗ್ ಚಾರ್ಜು? ನಾವು ಸಂತ್ಯಾಗ ಕುರಿ ಮಾರಿದ್ರ, ಕುರಿ ಹಿಡಿದು ಕೊಟ್ಟಿದ್ದಕ್ಕ ಬ್ಯಾರೆ ರೊಕ್ಕ ಕೇಳ್ತೀವೇನು?"

ಸುತ್ತಲಿನವರು ನಕ್ಕರು. "ಸರಿಯಾಗಿ ಕೇಳಿದ್ರಿ ಮೇಷ್ಟ್ರೇ," ಎಂದರು ಯಾರೋ. ಹೌದು, ಮೈಲಾರಪ್ಪನದೇ ಮಾತು. ಆಡಿದಾಗ ನಾನು ನಕ್ಕು ಬಾಯಿ ಮುಚ್ಚಿಸಿದ್ದ ಮಾತು. ನನ್ನ ಜೀವನದಲ್ಲಿ ಒಂದು ಕುರಿಯನ್ನೂ ಮಾರದ ನಾನು ಅದನ್ನು ಅವನ ಎದುರಿಗೇ ಖರ್ಚು ಮಾಡಿದೆ. ಪುಸ್ತಕವನ್ನು ನಾನು ಇಸಿದುಕೊಂಡದ್ದನ್ನು ಕಂಡಿದ್ದರೂ, ತನ್ನ ಕಣ್ಣಿಗಿಂತ ಮೇಷ್ಟ್ರ ಮಾತನ್ನೇ ನಂಬಿದ ಅವನಿಗೂ ಧೈರ್ಯ ಬಂದಿರಬೇಕು. "ನಮ್ಮಂಥೋರಿಗೆ ಹಿಂಗ ಮಾಡಬಾರದವ್ವ. ನಿನಗ ಒಳ್ಳೇದಾಗಂಗಿಲ್ಲ," ಎಂದುಬಿಟ್ಟ. ಯಾರಿಗೂ ಗದರಿಸಿ ಮಾತಾಡುವವನಲ್ಲ ಅವನು.

"ಬಿಲ್ಲೇ ತೋರಿಸ್ತೀನಿ ತಡಿ," ಎಂದು ನಾನು ಚೀಲದ ಜಿಪ್ಪು ಎಳೆದೆ. ಕಿರುಪರೀಕ್ಷೆಯ ಪೇಪರುಗಳ ಕಟ್ಟನ್ನು ಸರಿಸಿದೆ. ಒಳಗಿನ ಅರೆಯಲ್ಲಿ, ಬಿಲ್ಲಿಗೆ ಒತ್ತಿಕೊಂಡು, ಕೆಂಪು ರಟ್ಟಿನ ಪುಸ್ತಕವಿತ್ತು.

ಜಿಪ್ಪು ಎಳೆದು ಮುಚ್ಚಿಬಿಟ್ಟೆ.

ಆ ಪುಸ್ತಕ ತೆಗೆದು ಮೇಜಿನ ಮೇಲಿಡಲು ಎಷ್ಟು ಹೊತ್ತು ಬೇಕಿತ್ತು? "ಅಯ್ಯೋ, ಇಲ್ಲೇ ಐತಲ್ಲವ್ವ" ಎಂದು ನಕ್ಕಿದ್ದರೆ ಎಲ್ಲರೂ ನಕ್ಕು ಮುಗಿಯುತ್ತಿತ್ತು. ಆದರೆ ಏಳೆಂಟು ಜನ ನನ್ನ ಕಡೆ ಇದ್ದರು. ಅಷ್ಟು ಜನ ಒಟ್ಟಿಗೆ ನನ್ನ ಕಡೆ ಇದ್ದದ್ದು ಅದೇ ಮೊದಲು. "ಬಿಲ್ಲು ಮನ್ಯಾಗ ಉಳಿದೈತಿ," ಎಂದೆ.

ಸುಜಾತಾ ಒಳಗಿನಿಂದ ರಿಜಿಸ್ಟರು ತಂದು ಹಾಳೆ ತಿರುವಿದಳು. ಒಂದು ಕಡೆ ಅವಳ ಬೆರಳು ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದಳು. ಬಾಲ ಎಳೆದ ನನ್ನ ಸಹಿ ಅಲ್ಲಿದೆ ಎಂದು ನನಗೆ ಆಗ ನೆನಪಾಯಿತು. ಅವಳು ರಿಜಿಸ್ಟರು ಮುಚ್ಚಿದಳು.

"ನಮ್ಮ ಕಡಿಯಿಂದನ ತಪ್ಪಾಗಿರ್ಬೇಕ್ರಿ ಸರ್," ಎಂದಳು.

ಗದ್ದಲ ಕೇಳಿ ಮ್ಯಾನೇಜರು ಹೊರಗೆ ಬಂದ. ಗಿರಾಕಿಗಳ ಮುಂದೆಯೇ ಅವಳನ್ನು ಬೈದ. ಸರ್ವಿಸ್ಸನ್ನೂ ರಿಪೇರಿಯನ್ನೂ ಬಿಟ್ಟಿಯಾಗಿ ಮಾಡಿಕೊಡುವಂತೆ ಶೆಡ್ಡಿನವರಿಗೆ ಹೇಳಿ, "ಇದನ್ನ ನಿನ್ನ ಪಗಾರದಾಗ ಹಿಡಿತೀನಿ," ಎಂದು ಅವಳಿಗೆ ಹೇಳಿದ. ಅವಳು ತಲೆ ತಗ್ಗಿಸಿ ಜಾಬ್ ಕಾರ್ಡು ಬರೆಯತೊಡಗಿದಳು.

ಗಾಡಿ ಕೈಗೆ ಬಂದ ಮೇಲೆ ಮೈಲಾರಪ್ಪ ನನ್ನನ್ನು ಬಸ್ ಸ್ಟ್ಯಾಂಡಿನ ಹತ್ತಿರ ಕರೆದೊಯ್ದು ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದ. "ನೀವು ಇರಲಿಲ್ಲಂದ್ರ ನನ್ನ ಕಥಿ ಮುಗೀತಿತ್ರಿ ಮೇಷ್ಟ್ರೇ," ಎಂದ. ಮಂಡಕ್ಕಿಯ ತಟ್ಟೆ ಪಕ್ಕಕ್ಕಿಟ್ಟು ನಾನು ನೀರು ಕುಡಿದೆ. ಖಾರವಾಯಿತೇನೋ ಎಂದು ಅವನು ನನಗಾಗಿ ಇನ್ನೊಂದು ಲೋಟ ನೀರು ತಂದ.

ಆಮೇಲಿನದು ನಗುವ ಹಾಗಿದೆ. ಮೈಲಾರಪ್ಪ ಕುರಿ ಹಿಂದೆ ಹೋದಲ್ಲೆಲ್ಲ ನನ್ನ ಶೌರ್ಯ ಹಾಡಿದ. ಕೂಡ್ಲಿಗಿಯ ನಮ್ಮ ಬೀಗರು ಫೋನು ಮಾಡಿ, ತಮ್ಮ ಸ್ಕೂಟರಿನ ನಂಬರ್ ಪ್ಲೇಟು ಬಂದಿಲ್ಲ, ಒಂದು ಸಲ ಬಂದು ಗದರಿಸಿ ಹೋಗಬೇಕು ಎಂದರು. ಹಡಗಲಿಯಿಂದ ಗುರುತೇ ಇಲ್ಲದ ಒಬ್ಬರು, ತಾವು ಗಾಡಿ ಕೊಳ್ಳುವಾಗ ಜೊತೆಗಿರಬೇಕೆಂದು ಸಪೋಟ ಹಣ್ಣಿನ ಚೀಲ ಹಿಡಿದು ಬಂದರು. ಶಾಲೆಯ ಸ್ಟಾಫ್ ರೂಮಿನಲ್ಲಿ ಆ ಕಥೆಯನ್ನು ನಾನೂ ಹೇಳಿದೆ. ಪ್ರತಿಸಲ ಹೇಳುವಾಗ ಶೋರೂಮಿನ ಜನ ಇನ್ನಷ್ಟು ಹೆದರುತ್ತಿದ್ದರು. ಪುಸ್ತಕ ಮಾತ್ರ ನಮ್ಮ ಮನೆಯ ಕಪಾಟಿನಲ್ಲಿ ಅಟ್ಲಾಸುಗಳ ಹಿಂದಿತ್ತು.

ಧೂಳು ಹೊಡೆಯುವಾಗ ಅದು ನನ್ನ ಹೆಂಡತಿಯ ಕೈಗೆ ಸಿಕ್ಕಿತು. ಅವಳು ಅದನ್ನು ತಂದು ನನ್ನ ಚಹಾದ ಲೋಟದ ಪಕ್ಕ ಇಟ್ಟಳು.

"ಇದರ ಮ್ಯಾಲೆ ಮೈಲಾರಪ್ಪನ ಹೆಸರೈತಿ," ಎಂದಳು.

ನಾನು ಚಹಾದ ಲೋಟವನ್ನು ಅತ್ತ ಸರಿಸಿದೆ.

"ನೀವು ಮೂರು ಸಲ ಹೇಳಿದ್ರಿ ಆ ಕತಿ. ಅದರಾಗ ಈ ಬುಕ್ಕು ಇರಲಿಲ್ಲ," ಎಂದಳು. "ಆ ಹುಡುಗಿ ಪಗಾರದಾಗ ಎಷ್ಟು ಹಿಡಿದ್ರಂತ?" ಎಂದು ಕೇಳಿದಳು.

ಅದನ್ನು ನಾನು ವಿಚಾರಿಸಿರಲಿಲ್ಲ. ಮರುದಿನವೇ ರಜೆ ಹಾಕಿ ಬೆಳಗಿನ ಬಸ್ಸಿಗೆ ಹರಪನಹಳ್ಳಿಗೆ ಹೊರಟೆ. ಸುಜಾತಾ ನನ್ನನ್ನು ಕಂಡು ಎದ್ದು ನಿಂತಳು. ಈ ಸಲ ಕೈ ಮುಗಿಯಲಿಲ್ಲ. ನಾನು ಪುಸ್ತಕವನ್ನು ಕೌಂಟರಿನ ಮೇಲಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ.

"ನನಗ ಅವತ್ತ ಗೊತ್ತಿತ್ರಿ ಸರ್. ರಿಜಿಸ್ಟರಿನ್ಯಾಗ ನಿಮ್ಮ ಸಹಿ ಐತಿ."

"ಮತ್ತ ಯಾಕ ತೋರಿಸಲಿಲ್ಲವ್ವ?"

"ಯಾರಿಗೆ ತೋರಿಸ್ಲಿರಿ? ಅಷ್ಟೂ ಮಂದಿ ನಿಮ್ಮ ಕಡಿ ಇದ್ರು. ಮೇಷ್ಟ್ರ ಸಹಿ ನೀನ ಹಾಕೀ ಅಂತಿದ್ರು." ಅವಳು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಮಾತಾಡಿದಳು. "ನಿಮ್ಮ ಮರ್ಯಾದಿ ಉಳಿಸಾಕ ಸುಮ್ನಿದ್ದೆ ಅಂತ ತಿಳ್ಕಾಬ್ಯಾಡ್ರಿ. ಅಂಜಿ ಸುಮ್ನಿದ್ದೆ. ಹೈಸ್ಕೂಲಿನ್ಯಾಗೂ ಹಂಗ ಇತ್ತು. ನೀವು ದನಿ ಏರಿಸಿದ್ರ ಬರೋ ಉತ್ರನೂ ಮರೀತಿತ್ತು."

ಅವಳೇ ನನ್ನನ್ನು ಮ್ಯಾನೇಜರನ ಕೋಣೆಗೆ ಕರೆದುಕೊಂಡು ಹೋಗಿ, "ನಿಮ್ಮ ಬಾಯಿಲೇ ಹೇಳ್ರಿ," ಎಂದು ಬಾಗಿಲಲ್ಲಿ ನಿಂತಳು. ಹೇಳಿದೆ. ಎರಡು ಸಲ ತಡವರಿಸಿದೆ. ಆತ ನಕ್ಕು, "ಆಗ್ತಿರ್ತಾವ ಬಿಡ್ರಿ ಸರ್, ಚಾ ತಗೋರಿ," ಎಂದ. ಹಿಡಿದ ಪಗಾರದ ಮಾತೆತ್ತಿದರೆ, "ಅದು ಹೋದ ತಿಂಗಳ ಲೆಕ್ಕ, ಮುಗಿದು ಹೋಗೈತಿ," ಎಂದ. ಎಷ್ಟು ಹಿಡಿದಿದ್ದರೆಂದು ಕೇಳಿ, ಅಷ್ಟನ್ನು ನನ್ನ ಜೇಬಿನಿಂದ ತೆಗೆದು ಸುಜಾತಾಳ ಮುಂದಿಟ್ಟೆ. ಬೇಡ ಸರ್ ಎನ್ನುತ್ತಾಳೆ, ಒ‌ತ್ತಾಯ ಮಾಡಿ ಕೊಡಬೇಕು ಎಂದು ಬಸ್ಸಿನಲ್ಲಿ ಒಂದು ಮಾತು ತಯಾರು ಮಾಡಿಕೊಂಡಿದ್ದೆ. ಅವಳು ಹಣ ತೆಗೆದುಕೊಂಡು ಪರ್ಸಿನಲ್ಲಿಟ್ಟಳು. ನನ್ನ ಮಾತು ಹಾಗೇ ಉಳಿಯಿತು.

"ಆ ಅಣ್ಣಗ ಹೇಳೀರೇನು?" ಎಂದು ಕೇಳಿದಳು.

ಇಲ್ಲ ಎಂದು ತಲೆಯಾಡಿಸಿದೆ. ಅವಳು ಪುಸ್ತಕವನ್ನು ನನ್ನ ಕಡೆಗೆ ಸರಿಸಿದಳು.

ಆಗ ಮೈಲಾರಪ್ಪನ ಕುರಿಗಳು ಕೊಟ್ಟೂರಿನ ಹತ್ತಿರ, ಮೆಕ್ಕೆಜೋಳ ಕೊಯ್ದ ಹೊಲವೊಂದರಲ್ಲಿದ್ದವು. ಬರುವಾಗ ಕೊಟ್ಟೂರಿನಲ್ಲಿ ಇಳಿದು ನಡೆದೆ. ಅವನು ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಕೂತಿದ್ದ. ಗಾಡಿ ಪಕ್ಕದ ನೆರಳಲ್ಲಿತ್ತು. ಟ್ಯಾಂಕಿನ ಮೇಲೆ ಮರಿ ಹೊರುವ ಚೀಲ. ನನ್ನನ್ನು ಕಂಡು ಎದ್ದು, ಕಂಬಳಿ ಕೊಡವಿ, "ಬರ್ರಿ ಮೇಷ್ಟ್ರೇ, ಬಿಸಿಲಾಗ ಬಂದೀರಿ," ಎಂದು ನೀರು ಕೊಟ್ಟ. ನೀರು ಕುಡಿದು ಎಲ್ಲವನ್ನೂ ಹೇಳಿದೆ. ಮೂರು ತಿಂಗಳೆಂದು ಸುಳ್ಳು ಹೇಳಿದ್ದು, ಚೀಲದಲ್ಲಿ ಪುಸ್ತಕ ಕಂಡದ್ದು, ಜಿಪ್ಪು ಎಳೆದು ಮುಚ್ಚಿದ್ದು.

ಅವನು ನನ್ನ ಕೈಯಿಂದ ನೀರಿನ ಚೊಂಬು ಇಸಿದುಕೊಂಡು ಕೆಳಗಿಟ್ಟ. ಆಮೇಲೆ, "ಕೊಡ್ರಿ ಇಲ್ಲಿ," ಎಂದು ಕೈ ಚಾಚಿದ.

ಮೊದಲ ಹಾಳೆಗಳು ಇಂಗ್ಲಿಷಿನವು. ಅವನು ಒಂದೊಂದನ್ನೂ ತಿರುವಿದ. ಅರ್ಧ ದಾಟಿದ ಮೇಲೆ ಅವನ ಕೈ ನಿಂತಿತು.

"ಕನ್ನಡದಾಗ ಐತೆಲ್ರಿ ಇದು."

ನಾನು ಬಾಗಿ ನೋಡಿದೆ. ಹೌದು. ದಪ್ಪ ಅಕ್ಷರದ, ಸರಳ ಕನ್ನಡ. ಅವನು ಬೆರಳಿಟ್ಟು, ಒಂದೊಂದೇ ಪದ ಕೂಡಿಸಿ ಓದಿದ. "ಮೊದಲನೇ ಉಚಿತ ಸರ್ವಿಸ್... ಅರವತ್ತು ದಿನ... ಅಥವಾ ಏಳುನೂರಾ ಐವತ್ತು ಕಿಲೋಮೀಟರ್... ಯಾವುದು ಮೊದಲೋ ಅದು." ಓದಿ ಮುಗಿಸಿ ಪುಸ್ತಕವನ್ನು ಮಂಡಿಯ ಮೇಲೆ ಇಟ್ಟುಕೊಂಡ.

"ಇಷ್ಟ ಏನ್ರಿ? ಇದನ್ನ ನಾನ ಓದ್ತಿದ್ನೆಲ್ರಿ."

ನಾನು ಅದನ್ನು ಒಂದು ಸಲವೂ ತೆರೆದು ನೋಡಿರಲಿಲ್ಲ. ಅದನ್ನೂ ಹೇಳಿದೆ.

ಅವನು ನನಗೆ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಹೊಲದ ಕಡೆ ನೋಡುತ್ತ, "ಆ ಹುಡುಗಿಗೆ ಒಳ್ಳೇದಾಗಂಗಿಲ್ಲ ಅಂದ್ನೆಲ್ರಿ ನಾನು," ಎಂದ. ಎದ್ದು ಪುಸ್ತಕವನ್ನು ಅಂಗಿಯ ಒಳಗೆ ಇಟ್ಟುಕೊಂಡ. "ಹೋಗಿ ಬರ್ತೀನಿ," ಎಂದ.

"ನಾನೂ ಬರ್ತೀನಿ ನಡಿ."

"ಬ್ಯಾಡ್ರಿ. ನಿಮ್ಮದು ನೀವು ಹೇಳಿ ಬಂದೀರಿ. ನಂದು ನಾನು ಹೇಳ್ತೀನಿ." ಗಾಡಿಯ ಸ್ಟ್ಯಾಂಡು ತೆಗೆದು, ಏನೋ ನೆನಪಾದವನಂತೆ ತಿರುಗಿದ. "ಮಾಳವ್ವ ಹಿಟ್ಟು ತರಾಕ ಹೋಗ್ಯಾಳ. ನಾನು ಬರೋತನ ಇಲ್ಲೇ ಕುಂದರ್ರಿ. ಕುರಿ ಬಿಸಿಲಿಗೆ ನಿಂತಾವ, ಎಲ್ಲೂ ಹೋಗಂಗಿಲ್ಲ. ನಾಯಿ ಐತಿ."

ಕುರಿ ನೋಡಿಕೊಳ್ಳುವುದು ನಾಯಿಯ ಕೆಲಸ, ನನ್ನದು ಕೂಡುವುದು ಎಂದು ಸ್ಪಷ್ಟವಾಗಿತ್ತು. ಕೂತೆ. ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆಯಿಟ್ಟು ಗುಂಪಾಗಿ ನಿಂತಿದ್ದವು. ನಾಯಿ ದೂರದಿಂದಲೇ ನನ್ನ ಮೇಲೆ ಕಣ್ಣಿಟ್ಟಿತ್ತು. ಒಂದು ಮರಿ ಬದುವಿನ ಕಡೆ ಹೊರಟಾಗ ನಾನು ಎದ್ದು ಓಡಿದೆ. ನಾನು ಓಡಿದ್ದಕ್ಕೇ ಅದು ಇನ್ನಷ್ಟು ದೂರ ಓಡಿತು. ಕೊನೆಗೆ ನಾಯಿಯೇ ಸುತ್ತು ಹಾಕಿ ಅದನ್ನು ತಿರುಗಿಸಿ ತಂದಿತು. ನಾನು ಮತ್ತೆ ಕಂಬಳಿಯ ಮೇಲೆ ಬಂದು ಕೂತೆ. ದೂರದ ರಸ್ತೆಯಲ್ಲಿ ಎಷ್ಟೋ ಗಾಡಿಗಳ ಸದ್ದು ಬಂತು, ಹೋಯಿತು.

ಬಿಸಿಲು ತುಸು ತಗ್ಗಿದ ಮೇಲೆ ಅವನು ಬಂದ. ನಾನು ಚೀಲ ಹೆಗಲಿಗೆ ಹಾಕಿಕೊಂಡು ಎದ್ದೆ.

"ಸಿಕ್ಳೇನು?"

"ಸಿಕ್ಳು."

"ಏನಂದ್ಳು?"

"ಚಾ ಕುಡೀ ಅಣ್ಣ ಅಂದ್ಳು. ಕುಡಿದು ಬಂದೆ."

ಅಷ್ಟು ಹೇಳಿ ಅವನು ನನ್ನನ್ನು ದಾಟಿ ಕುರಿಗಳ ಹತ್ತಿರ ಹೋದ. ನಾಯಿಯ ತಲೆ ಸವರಿದ. ಆಮೇಲೆ ಗುಂಪಿನ ಒಂದು ತುದಿಯಲ್ಲಿ ನಿಂತು, ಬೆರಳೆತ್ತಿ, ತುಟಿ ಅಲುಗಿಸುತ್ತ ಕುರಿಗಳನ್ನು ಎಣಿಸತೊಡಗಿದ. ಈ ತುದಿಯಿಂದ ಆ ತುದಿಯವರೆಗೆ ಎಣಿಸಿದ. ಎಲ್ಲ ಇದ್ದವೆಂದು ಅವನ ಮುಖದಲ್ಲೇ ಕಾಣುತ್ತಿತ್ತು. ಹೋಗಿ ಬರುತ್ತೇನೆ ಎನ್ನಲು ನಾನು ಬಾಯಿ ತೆರೆದೆ.

ಅವನು ನನ್ನ ಕಡೆ ಒಮ್ಮೆ ನೋಡಿ, ತಿರುಗಿ, ಆ ತುದಿಯಿಂದ ಈ ತುದಿಗೆ ಇನ್ನೊಂದು ಸಲ ಎಣಿಸಲು ಶುರುಮಾಡಿದ. ಅವನು ಮುಗಿಸುವವರೆಗೂ ನಾನು ಅಲ್ಲೇ ನಿಂತಿದ್ದೆ.